ನೀರು ಕುಡಿದರೆ ಇಳಿಯುತ್ತೆ ಅಂದೆಯಲ್ಲ

ಚನ್ನರಾಯಪಟ್ಟಣ

ಚಿ. ಸೌ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಕಾಗದ ತಲುಪಿತು. ಹೊಸ ಮನೆ, ಮಗುವಿನ ಸ್ಕೂಲು, ನಿನ್ನ ಶಿಫ್ಟು, ಎಲ್ಲಾ ಓದಿದೆ. ಅದಕ್ಕೆಲ್ಲ ಆಮೇಲೆ ಬರೆಯುತ್ತೇನೆ. ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೀಯಲ್ಲ, 'ಎದೆ ಉರಿ ಮಾಮೂಲಿ ಅತ್ತೆ, ಈಚೆಗೆ ಚಪಾತಿ ಎದೆಯಲ್ಲೇ ನಿಂತ ಹಾಗಾಗುತ್ತೆ, ನೀರು ಕುಡಿದರೆ ಇಳಿಯುತ್ತೆ, ಗ್ಯಾಸು ಅಷ್ಟೇ' ಅಂತ. ಅದನ್ನು ಓದಿದ ಮೇಲೆ ಬೇರೆ ಯಾವುದೂ ತಲೆಗೆ ಹತ್ತಲಿಲ್ಲ.

ಎದೆ ಉರಿ ಯಾರಿಗಿಲ್ಲ ಹೇಳು. ನಮ್ಮ ಮನೆಯವರಿಗೆ ಹುಳಿ, ಖಾರ ಎರಡೂ ಬೇಕು. ರಾತ್ರಿ ಹತ್ತಕ್ಕೆ ಊಟ, ಉಂಡ ಕೈ ಒಣಗುವ ಮೊದಲೇ ಹಾಸಿಗೆ. ಹುಳಿತೇಗು ಬರದಿದ್ದರೇ ಆಶ್ಚರ್ಯ. ಅದಕ್ಕೆ ನಾನು ಹೆದರುವವಳಲ್ಲ. ತಿಂದದ್ದು ನಿಲ್ಲುತ್ತೆ ಅಂದೆಯಲ್ಲ, ಅದಕ್ಕೆ ಹೆದರಿದೆ.

ನಿಮ್ಮ ದೊಡ್ಡಪ್ಪನ ಅನ್ನನಾಳದ ಕ್ಯಾನ್ಸರ್ ವಿಷಯ ಮತ್ತೆ ಬರೆಯುವುದು ಬೇಡ. ಆದರೆ ನಿನಗೆ ಗೊತ್ತಿರುವುದು ಆಸ್ಪತ್ರೆ ಸೇರಿದ ಮೇಲಿನದು. ಅದಕ್ಕೂ ಮುಂಚಿನದೆಲ್ಲ ನಡೆದದ್ದು ಅಡುಗೆಮನೆಯಲ್ಲಿ. ಅಣ್ಣನಿಗೆ ಮುದ್ದೆ ಅಂದರೆ ಪ್ರಾಣ. ಸೊಪ್ಪಿನ ಸಾರಿನಲ್ಲಿ ಅದ್ದಿ ಸರಸರ ನುಂಗುತ್ತಿದ್ದ. ಒಂದು ದಿನ 'ಮುದ್ದೆ ಸ್ವಲ್ಪ ಮೆತ್ತಗಿರಲಿ' ಅಂದ. ಆಮೇಲೆ ಅನ್ನಕ್ಕೆ ಬಂದ. ಆಮೇಲೆ ಅನ್ನವನ್ನೂ ಕಿವುಚಿ, ಮಜ್ಜಿಗೆ ಹಾಕಿ ಕುಡಿಯುತ್ತಿದ್ದ. ತುತ್ತು ತುತ್ತಿಗೂ ನೀರು. ಜೇಬಿನಲ್ಲಿ ಜೆಲುಸಿಲ್ ಮಾತ್ರೆ. ವಯಸ್ಸಾಯಿತು, ಹಲ್ಲು ಸರಿಯಿಲ್ಲ ಅಂತ ನಾವೇ ಅಂದುಕೊಂಡೆವು. ಷರ್ಟು ಸಡಿಲವಾದಾಗ ನಿಮ್ಮ ದೊಡ್ಡಮ್ಮ ದರ್ಜಿಗೆ ಕೊಟ್ಟು ಹಿಡಿಸಿದರು. ತೂಕ ನೋಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಬಡಿಸುತ್ತಿದ್ದವಳು ನಾನು. ಯಾಕಣ್ಣ ಮುದ್ದೆ ಬಿಟ್ಟೆ ಅಂತ ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಇನ್ನೊಂದು ಕೇಳು. ಕೊನೆಕೊನೆಗೆ ಅವನಿಗೆ ಉರಿಯೇ ಇರಲಿಲ್ಲ. ವಾಸಿಯಾಯಿತು ಅಂತ ಖುಷಿಪಟ್ಟಿದ್ದ. ಅದಕ್ಕೇ ಹೇಳುವುದು, ಉರಿ ಕಮ್ಮಿಯಾಯಿತು ಅಂತ ಸುಮ್ಮನಾಗಬೇಡ. ನುಂಗುವುದು ಸಲೀಸಾಗಿದೆಯಾ ಅಂತ ನೋಡಿಕೋ.

ನಿನ್ನದೂ ಅದೇ ಕಾಯಿಲೆ ಅಂತಲ್ಲ, ಬಿಡ್ತು ಅನ್ನು. ನಿನ್ನ ವಯಸ್ಸಿಗೆ ಬಹುಪಾಲು ಅದಾಗಿರುವುದಿಲ್ಲ. ಹುಳಿರಸ ಮೇಲೆ ಬಂದು ಬಂದು ಅನ್ನನಾಳ ಊದಿಕೊಂಡಿರಬಹುದು, ಅದು ಮಾತ್ರೆಗೆ ಇಳಿಯುತ್ತೆ. ಗಾಯ ಮಾಗಿ ನಾಳ ಕಿರಿದಾಗಿದ್ದರೆ ಬಲೂನು ಹಾಕಿ ಅಗಲ ಮಾಡುತ್ತಾರೆ. ಆದರೆ ಯಾವುದು ಅಂತ ಒಳಗೆ ನೋಡದೆ ಯಾರು ಹೇಳುತ್ತಾರೆ?

ಎಂಡೋಸ್ಕೋಪಿ ಅಂದರೆ ನೀನು ಹೆದರುತ್ತೀಯ, ಗೊತ್ತು. ನನಗೂ ಮಾಡಿದ್ದಾರೆ. ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ. ಗಂಟಲು ಮರಗಟ್ಟುವ ಹಾಗೆ ಸ್ಪ್ರೇ ಹೊಡೆದು, ಸಣ್ಣ ಟ್ಯೂಬು ಇಳಿಸಿದರು. ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು, ಅಷ್ಟರಲ್ಲಿ ಮುಗಿದೇ ಹೋಯಿತು. ಹೊಟ್ಟೆಯ ಮೇಲ್ತುದಿ ಒಂದಿಷ್ಟು ಎದೆಯ ಕಡೆಗೆ ಜಾರಿದೆ, ಹಯಾಟಸ್ ಹರ್ನಿಯಾ ಅಂದರು. ಈಗಲೂ ಮಂಚದ ತಲೆಯ ಕಡೆ ಕಾಲಿಗೆ ಇಟ್ಟಿಗೆ ಇಟ್ಟುಕೊಂಡು ಮಲಗುತ್ತೇನೆ, ಆರು ಇಂಚು ಎತ್ತರಕ್ಕೆ. ನಗಬೇಡ. ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಿಚಿ ಜಾಸ್ತಿಯೇ ಆಗುತ್ತೆ. ಎಡಮಗ್ಗುಲಾದರೆ ಇನ್ನೂ ವಾಸಿ. ಇದೆಲ್ಲ ಉರಿಗೆ. ಚಪಾತಿ ನಿಲ್ಲುವುದಕ್ಕೆ ಇಟ್ಟಿಗೆ ಏನೂ ಮಾಡಲಾರದು.

ಹುಳಿರಸ ಕಮ್ಮಿ ಮಾಡುವ ಪ್ಯಾನ್ 40 ಮಾತ್ರೆ ನುಂಗುತ್ತಿದ್ದೀಯ ತಾನೇ? ಅದು ತಿಂಡಿಗೆ ಅರ್ಧ ಗಂಟೆ ಮುಂಚೆ. ಮೆಡಿಕಲ್ ಶಾಪಿನವನನ್ನು ಕೇಳಿಕೊಂಡು ಎರಡು ವಾರದ ಮೇಲೂ ಅದನ್ನೇ ನುಂಗುತ್ತಾ ಇರಬೇಡ. ತಲೆನೋವಿನ ಮಾತ್ರೆಯೂ ಜಾಸ್ತಿ ಬೇಡ, ಅವುಗಳಲ್ಲಿ ಕೆಲವು ಹೊಟ್ಟೆ ಕೆಡಿಸುತ್ತವೆ. ನಾನೇನು ಡಾಕ್ಟರಲ್ಲ, ಆದರೂ ಬರೆಯದೆ ಇರಲಾಗಲಿಲ್ಲ. ತುತ್ತು ಪೂರ್ತಿ ಸಿಕ್ಕಿಕೊಂಡು ಎಂಜಲೂ ಇಳಿಯದೆ ಹೋದರೆ, ವಾಂತಿಯಲ್ಲಿ ರಕ್ತವೋ ಕಾಫಿ ಗಸಿಯಂಥದ್ದೋ ಬಂದರೆ, ಕಕ್ಕಸು ಕಪ್ಪಗೆ ಅಂಟಂಟಾಗಿ ಹೋದರೆ, ಬೆಳಗಾಗಲಿ ಅಂತ ಕಾಯಬೇಡ. ಎದೆ ಬಿಗಿದು ಬೆವರು ಬಂದು ಎಡಗೈಗೋ ದವಡೆಗೋ ನೋವು ಹೋದರಂತೂ ಈನೋ ಕಲಸಿಕೊಂಡು ಕೂರಬೇಡ. 108ಕ್ಕೆ ಫೋನ್ ಮಾಡು. ಅದು ಹೃದಯದ್ದಿರಬಹುದು.

ಅಷ್ಟೆಲ್ಲ ಆಗುವುದಿಲ್ಲ ಬಿಡು. ಆದರೆ ನೀರು ಕುಡಿದು ಇಳಿಸುವುದೂ ಸಣ್ಣ ವಿಷಯವಲ್ಲ ಕಣೆ. ನೀನು ಡಾಕ್ಟರ ಹತ್ತಿರ ಉರಿ ಅಂತ ಮಾತ್ರ ಹೇಳಿ ಬಂದುಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ? 'ನುಂಗಿದ್ದು ನಿಲ್ಲುತ್ತೆ' ಅಂತ ಬಾಯಿಬಿಟ್ಟು ಹೇಳು. ಯಾವಾಗಿನಿಂದ, ಗಟ್ಟಿಗೆ ಮಾತ್ರವೋ ನೀರಿಗೂವೋ, ಅದನ್ನೂ ಹೇಳು. ಹೋಗುವ ಮುಂಚೆ ಒಂದು ಸಲ ತೂಕ ನೋಡಿಕೋ. ಖರ್ಚಿನ ಯೋಚನೆಯಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಹೊಟ್ಟೆ, ಕರುಳಿಗೆಂದೇ ಸರ್ಕಾರಿ ಆಸ್ಪತ್ರೆ ಇದೆ.

ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನಬೇಡ. ಯಾವತ್ತು ಹೋಗುತ್ತೀಯ ಹೇಳು, ಹಿಂದಿನ ದಿನವೇ ಬಸ್ಸು ಹತ್ತುತ್ತೇನೆ.

ಇಂತಿ,
ನಿನ್ನ ಅತ್ತೆ

ತಾ.ಕ.: ಐರನ್ ಮಾತ್ರೆ ನುಂಗುತ್ತಿದ್ದರೆ ಅದರಿಂದಲೂ ಕಕ್ಕಸು ಕಪ್ಪಾಗುತ್ತೆ, ಸುಮ್ನೆ ಗಾಬರಿಯಾಗಬೇಡ. ಆದರೆ ಡಾಕ್ಟರಿಗೆ ಅದನ್ನೂ ಹೇಳು.