ಶುಗರ್ ಅಂದ್ರ ಎಲ್ಲಾ ಒಂದ ಅಲ್ರಿ

ಸಂಪಾದಕರೆ,

ಹೋದ ಭಾನುವಾರ ನಿಮ್ಮ ಪುರವಣ್ಯಾಗ ಶುಗರ್ ಬಗ್ಗೆ ಬಂದದ್ದು ಓದಿದೆ, ಸಿಹಿ ಬಿಡ್ರಿ, ವಾಕಿಂಗ್ ಮಾಡ್ರಿ, ಬೊಜ್ಜು ಇಳಸ್ರಿ ಅಂತ ಬರದೀರಿ, ಎಲ್ಲಾ ಖರೆ, ಆದ್ರ ನನ್ನ ಮಗಳಿಗೆ ಇರೋ ಟೈಪ್ 1, ಅಂದ್ರ ಮೈಯಾಗ ಇನ್ಸುಲಿನ್ ಮಾಡೋ ಸೆಲ್ಲುಗಳ ಸತ್ತು ಬರೋ ಶುಗರ್, ಆ ಶಬ್ದ ಒಂದ್ಸಲನೂ ಇಲ್ಲ. ನಮ್ಮ ಓಣಿ ಅಜ್ಜಿಯೊಬ್ರು ಅದ ಪೇಪರ್ ಹಿಡ್ಕೊಂಡ ಬಂದು "ನೋಡವಾ, ಕೂಸಿಗೆ ಕರದಂಟು ತಿನಿಸಿ ತಿನಿಸಿ ಹಿಂಗ ಮಾಡಿದಿ" ಅಂದ್ರು. ಕರದಂಟು ಈಗೂ ತಿಂತಾಳ್ರಿ, ಅದರ ಲೆಕ್ಕಕ್ಕ ಇನ್ಸುಲಿನ್ ಯುನಿಟ್ ಹೆಚ್ಚು ಹಾಕತೀವಿ, ಅಷ್ಟ.

ಮಗಳಿಗೆ ಈಗ ಒಂಬತ್ತು. ಏಳನೇ ವರ್ಷದಾಗ ಒಮ್ಮಿಂದೊಮ್ಮೆಲೆ ಕಡ್ಡಿ ಆದ್ಲು, ರಾತ್ರಿ ನಾಲ್ಕೈದು ಸಲ ಏಳತಿದ್ಲು, ತುಂಬಿದ ತಂಬಿಗಿ ನಿಂತ ಕಾಲಮ್ಯಾಲ ಖಾಲಿ. ವಾಂತಿ ಶುರುವಾದಾಗ ಮೊದಲು ತೋರಿಸಿದ ಕಡೆ ಹೊಟ್ಟಿ ಇನ್ಫೆಕ್ಷನ್ ಅಂತ ಗುಳಿಗಿ ಕೊಟ್ಟು ಕಳಿಸಿದ್ರು, ಬೆರಳಿಗೆ ಸೂಜಿ ಚುಚ್ಚಿ ಒಂದ ಹನಿ ರಕ್ತ ನೋಡಲಿಲ್ಲ. ಮರುದಿನ ಐಸಿಯುದಾಗ ಶುಗರ್ 540.

ಆಮ್ಯಾಲ "ತವರುಮನಿ ಕಡಿಂದ ಬಂದೈತಿ, ಇವರಪ್ಪಗ ಶುಗರ್ ಇತ್ತಲ್ಲ" ಅನ್ನೋದು ಶುರುವಾತು. ನಮ್ಮಪ್ಪಗ ಇದ್ದದ್ದು ಐವತ್ತು ದಾಟಿದ ಮ್ಯಾಲ ಬಂದ ಟೈಪ್ 2, ಅದರ ದಾರಿನ ಬ್ಯಾರೆ. ಮಗಳ ಟೈಪ್ 1ರಾಗ ಮೈ ಕಾಯೋ ಟಿ ಸೆಲ್‌ಗಳ ಇನ್ಸುಲಿನ್ ಮಾಡೋ ಬೀಟಾ ಸೆಲ್‌ಗಳನ್ನ ಕೊಲ್ಲತಾವು, ಮನಿ ಕಾಯಾಕ ಸಾಕಿದ ನಾಯಿ ಮನಿಯವರಿಗೇ ಬಾಯಿ ಹಾಕಿದಂಗ. ರಾತ್ರೋರಾತ್ರಿ ಆಗೂದೂ ಅಲ್ಲ, ಈ ದಾಳಿ ನಡದದ ಅಂತ ಗುರುತು ಕೊಡೋ ಜಿಎಡಿ ಅಂತ ಒಂದು ಆ್ಯಂಟಿಬಾಡಿ ಐತಿ, ಅದು ಎಷ್ಟೋ ಮಕ್ಕಳ ರಕ್ತದಾಗ ವರ್ಷಗಟ್ಲೆ ಮೊದಲ ಕಾಣಿಸ್ಕೊಂಡಿರ್ತೈತಿ.

ಜೀನಿಂದು ಪಾತ್ರ ಇಲ್ಲ ಅನ್ನಂಗಿಲ್ಲ. 6ನೇ ಕ್ರೋಮೋಸೋಮ್ ಮ್ಯಾಲಿನ, ಮೈ ಕಾಯೋ ಕೆಲಸಕ್ಕ ಸಂಬಂಧಪಟ್ಟ ಎಚ್‌ಎಲ್‌ಎ ಜೀನುಗಳದ್ದು ದೊಡ್ಡ ಪಾಲು, ಆದ್ರ ಅವು ಅವ್ವನ ಕಡಿಂದ ಅರ್ಧ ಅಪ್ಪನ ಕಡಿಂದ ಅರ್ಧ ಬರ್ತಾವು, ಮತ್ತ ಅವು ಇದ್ದ ಮಂದ್ಯಾಗೂ ಬಾಳ ಜನಕ್ಕ ರೋಗ ಬರಂಗೇ ಇಲ್ಲ, ತದ್ರೂಪ ಅವಳಿಗಳೊಳಗ ಒಬ್ಬಾಕಿಗೆ ಬಂದು ಇನ್ನೊಬ್ಬಾಕಿ ಆರಾಮ ಇರೋದೂ ಐತಿ. ಮನೆತನದಾಗ ಯಾರಿಗೂ ಇಲ್ದನ ಬಂದ ಮಕ್ಕಳ ಸಂಖ್ಯೇನ ಹೆಚ್ಚು. ಇನ್ನೊಂದು, ಇದನ್ನ ನಮ್ಮತ್ತಿ ಮನಿಯವರು ಓದ್ಲಿ ಅಂತನ ಬರೀತೀನಿ: ಅವ್ವಗ ಟೈಪ್ 1 ಇದ್ದಾಗಿಗಿಂತ ಅಪ್ಪಗ ಇದ್ದಾಗ ಮಗುವಿಗೆ ಬರೋ ಸಾಧ್ಯತೆ ಜಾಸ್ತಿ.

ಮುಂದಿನ ಸಲ ಶುಗರ್ ಬಗ್ಗೆ ಹಾಕುವಾಗ ಒಂದು ಬಾಕ್ಸ್ ಮಾಡಿ ಹಾಕ್ರಿ, ಸಣ್ಣ ಮಕ್ಕಳು ವಿಪರೀತ ನೀರು ಕುಡದು, ವಿಪರೀತ ಒಂದಕ್ಕ ಹೋಗಿ, ಸೊರಗಾಕ ಹತ್ತಿದ್ರ ಅವತ್ತ ಗ್ಲುಕೋಮೀಟರ್ ಹಚ್ಚಿ ನೋಡ್ರಿ ಅಂತ.

ಒಬ್ಬ ತಾಯಿ, ಜಮಖಂಡಿ