ರೇಸ್ ಓಡಿದ ಕಾರಿಗೆ ಹೊಸ ಬಣ್ಣ ಯಾಕೆ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೇ ಕಾರುಗಳ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಪ್ರತಿ ಕಾರಿಗೂ ಒಂದೇ ಹೊಗಳಿಕೆ: ‘ಈಗಷ್ಟೇ ಷೋರೂಮಿನಿಂದ ಹೊರಬಂದಂತಿದೆ’. ಮದುವೆ, ಜಾತ್ರೆ ಅಂತ ಮನೆಮಂದಿ ಓಡಾಡಿದ ಕಾರಿಗೆ ಈ ಮಾತು ಸರಿ. ರೇಸ್ ಓಡಿದ ಕಾರಿಗೆ ಇದನ್ನು ಹೊಗಳಿಕೆ ಅಂತ ಹೇಗೆ ಒಪ್ಪೋದು?

ನಾನು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟರ್ನರ್ ಆಗಿದ್ದವನು. ಈಗ ಅಮೆರಿಕದ ಫಿಲಡೆಲ್ಫಿಯಾ ಹತ್ತಿರ ಮಗಳ ಮನೆಯಲ್ಲಿದ್ದೇನೆ. ಪಕ್ಕದ ಮನೆ ಯಜಮಾನರ ಗ್ಯಾರೇಜಿನಲ್ಲಿ 1969ರ ಷೆವರ್ಲೆ ಕಮಾರೊ ಝೆಡ್/28 ನಿಂತಿದೆ. 1970ರ ದಶಕದಲ್ಲಿ ಅವರ ಅಣ್ಣ ಅದನ್ನು ಹವ್ಯಾಸಿ ರೇಸುಗಳಲ್ಲಿ ಓಡಿಸುತ್ತಿದ್ದರಂತೆ. ಅಣ್ಣ ಈಗಿಲ್ಲ. ಕಾರನ್ನು ಏನು ಮಾಡೋದು ಅಂತ ಅಪ್ಪ ಮಗನ ನಡುವೆ ಜಟಾಪಟಿ. ಮಗನಿಗೆ ಹೊಸ ಬಣ್ಣ, ಬಿಳಿ ಪಟ್ಟೆ, ಹೊಸ ಸೀಟು ಹಾಕಿಸಿ ಹರಾಜಿಗೆ ಕಳಿಸೋ ಆಸೆ. ಅಪ್ಪನಿಗೆ ಮನಸ್ಸಿಲ್ಲ. ಲೇತ್ ಕೆಲಸ ಗೊತ್ತು ಅಂತ ನನ್ನನ್ನೂ ಕರೆದರು. ಅಂಥ ಎಂಜಿನ್ ಎದುರಿಗಿದ್ದರೆ ಬೇಡ ಅನ್ನೋಕೆ ಆಗುತ್ತಾ?

ಟ್ರಾನ್ಸ್-ಆ್ಯಮ್ ಅನ್ನೋ ರೇಸ್ ಸರಣಿ ಇಲ್ಲಿ 1966ರಲ್ಲಿ ಶುರುವಾಯಿತು. ಎಂಜಿನ್ 5 ಲೀಟರ್ ದಾಟಬಾರದು ಅಂತ ನಿಯಮ, ಅಂದರೆ 305 ಘನ ಇಂಚು. ಷೆವರ್ಲೆಯವರು ತಮ್ಮ 327 ಘನ ಇಂಚಿನ ಎಂಜಿನ್ನಿನ ಬ್ಲಾಕಿಗೆ 283 ಘನ ಇಂಚಿನ ಎಂಜಿನ್ನಿನ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸೋ ದಂಡ) ಅಳತೆ ಕೂಡಿಸಿದರು. ಬೋರ್, ಅಂದರೆ ಸಿಲಿಂಡರಿನ ಅಗಲ, 4 ಇಂಚು; ಸ್ಟ್ರೋಕ್, ಅಂದರೆ ಪಿಸ್ಟನ್ ಓಡೋ ದೂರ, 3 ಇಂಚು. ಎಂಟು ಸಿಲಿಂಡರಿಗೆ ಲೆಕ್ಕ ಹಾಕಿ ನೋಡಿ, 302 ಘನ ಇಂಚು ಬರುತ್ತದೆ. ಸ್ಟ್ರೋಕ್ ಗಿಡ್ಡ, ಹಾಗಾಗಿ ಎಂಜಿನ್ ಸರಾಗವಾಗಿ ಜಾಸ್ತಿ ಆರ್‌ಪಿಎಂಗೆ ಏರುತ್ತದೆ. ರೇಸಿಗೆ ಅರ್ಹತೆ ಸಿಗಲಿ ಅಂತಲೇ ಈ ಎಂಜಿನ್ ಹಾಕಿ ಮಾರಾಟಕ್ಕೆ ಬಿಟ್ಟ ಕಾರು ಝೆಡ್/28. 1968 ಮತ್ತು 1969ರಲ್ಲಿ ರೋಜರ್ ಪೆನ್ಸ್ಕಿ ತಂಡದ ಮಾರ್ಕ್ ಡೊನಹ್ಯೂ ಟ್ರಾನ್ಸ್-ಆ್ಯಮ್ ಗೆದ್ದಿದ್ದೂ ಕಮಾರೊದಲ್ಲೇ.

ಹರಾಜಿನವರು ಮೊದಲು ಕೇಳೋದು ‘ನಂಬರ್ ಮ್ಯಾಚಿಂಗ್ ಇದೆಯಾ’ ಅಂತ. ಎಂಜಿನ್ ಬ್ಲಾಕಿನ ಮುಂದುಗಡೆ ಪುಟ್ಟ ಸಮತಟ್ಟು ಜಾಗದಲ್ಲಿ ನಂಬರ್ ಹೊಡೆದಿರುತ್ತದೆ. ಅದು ಕಾರಿನ ನಂಬರಿಗೆ ತಾಳೆಯಾದರೆ ಬೆಲೆ ಜಾಸ್ತಿ. ಈ ಕಾರಿನಲ್ಲಿ ಆ ಜಾಗ ಬೋಳು. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಏರಿಸಲು ರೇಸಿನವರು ಬ್ಲಾಕಿನ ಮೇಲ್ಮೈಯನ್ನು ಮಷೀನಿಗೆ ಕೊಟ್ಟು ಹೆರೆಸುತ್ತಿದ್ದರು. ಅದರ ಜೊತೆ ನಂಬರೂ ಹೋಗಿದೆ. ‘ಹಳೇ ಅಕ್ಷರದಲ್ಲೇ ಮತ್ತೆ ಹೊಡೆದು ಕೊಡ್ತೀವಿ, ಯಾರಿಗೂ ಗೊತ್ತಾಗಲ್ಲ’ ಅಂತ ಒಂದು ವರ್ಕ್‌ಶಾಪಿನವರು ಮಗನಿಗೆ ಹೇಳಿದ್ದಾರೆ. ಗೊತ್ತಾಗುತ್ತೆ ಸ್ವಾಮಿ! ಕಾರ್ಖಾನೆಯಲ್ಲಿ ಬ್ಲಾಕನ್ನು ಹೆರೆಯೋ ಬ್ರೋಚಿಂಗ್ ಮಷೀನಿನ ಗೀರು ಬೇರೆ, ಆಮೇಲೆ ಕೈಯಲ್ಲಿ ಉಜ್ಜಿದ ಗೀರು ಬೇರೆ. ಗೊತ್ತಾಗದೇ ಇದ್ದರೂ ಅದು ಮೋಸವೇ. ನನ್ನ ಕಣ್ಣಿಗೆ ಆ ಬೋಳು ಜಾಗವೇ ಈ ಕಾರಿನ ಸರ್ಟಿಫಿಕೇಟು.

ಅಗಲ ಟೈರಿಗಾಗಿ ಮಡಚಿದ ಮಡ್‌ಗಾರ್ಡ್ ಅಂಚು, ಕಾರು ಮಗುಚಿದರೆ ಚಾಲಕನನ್ನು ಕಾಯೋ ಪೈಪಿನ ಚೌಕಟ್ಟಿನ (ರೋಲ್ ಕೇಜ್) ಒರಟು ವೆಲ್ಡಿಂಗ್, ಡ್ಯಾಷ್‌ಬೋರ್ಡಿನಲ್ಲಿ ಹೆಚ್ಚುವರಿ ಮೀಟರಿಗೆ ಕೊರೆದ ತೂತು, ಇವೆಲ್ಲ ಮಗನ ರಿಪೇರಿ ಪಟ್ಟಿಯಲ್ಲಿವೆ. ಅವನಿಗೆ ಪೆನ್ಸ್ಕಿ ತಂಡದ ಕತೆ ನೆನಪಿಸಿದೆ. ತೂಕ ಇಳಿಸಲು ಅವರು ಕಮಾರೊ ಬಾಡಿಯನ್ನೇ ಆಸಿಡ್‌ನಲ್ಲಿ ಅದ್ದಿ ತಗಡನ್ನು ತೆಳ್ಳಗೆ ಮಾಡಿದ್ದರು. ಆ ತಗಡನ್ನು ‘ಸರಿಪಡಿಸಲು’ ಯಾರಾದರೂ ಹೊರಟರೆ ಏನು ಉಳಿಯುತ್ತೆ?

ಹಾಗಂತ ಏನನ್ನೂ ಮುಟ್ಟಬಾರದು ಅಂತಲ್ಲ. ಫೋರ್ಡ್ ಮುಸ್ತಾಂಗನ್ನು ಷೆಲ್ಬಿ ಕಂಪನಿಯವರು ರೇಸಿಗೆ ತಿದ್ದಿದ ಜಿಟಿ350ಆರ್‌ನ ಒಂದು ಆರಂಭದ ಕಾರನ್ನು ಪೂರ್ತಿ ಬಿಚ್ಚಿ, 1965ರ ಫೆಬ್ರುವರಿ 14ರಂದು ಹೇಗಿತ್ತೋ ಹಾಗೆ ಮಾಡಿಸಿದರು. ಟೆಕ್ಸಾಸಿನ ಗ್ರೀನ್ ವ್ಯಾಲಿಯಲ್ಲಿ ರೇಸ್ ಚಾಲಕ ಕೆನ್ ಮೈಲ್ಸ್ ಅದನ್ನು ಮೊದಲ ಸಲ ರೇಸಿಗೆ ಇಳಿಸಿದ ದಿನ ಅದು. ಅವತ್ತು ಕಾರು ನೆಲ ಬಿಟ್ಟು ಹಾರಿದ ಫೋಟೊ ಬಹಳ ಪ್ರಸಿದ್ಧ. 2020ರ ಹರಾಜಿನಲ್ಲಿ ಅದು 38.5 ಲಕ್ಷ ಡಾಲರಿಗೆ ಹೋಯಿತು. ಅಲ್ಲಿ ಯಾವ ದಿನದ ರೂಪ ಅನ್ನೋದೂ ಖಚಿತವಿತ್ತು, ಪುರಾವೆಯೂ ಇತ್ತು. ನಮ್ಮ ಪಕ್ಕದ ಮನೆ ಕಾರಿಗೆ? ಪ್ರತಿ ರೇಸಿನ ತಪಾಸಣೆ ಬರೆದಿಟ್ಟ ಲಾಗ್‌ಬುಕ್ ಸಿಕ್ಕಿದೆ. ಫೋಟೊಗಳು ಕೆಲವೇ, ಅವೂ ಕಪ್ಪುಬಿಳುಪು. ಬಾಗಿಲಿನ ಮೂಲೆ ಉಜ್ಜಿದರೆ ಹಳದಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ಹಸಿರು. ಯಾವ ವರ್ಷ ಯಾವ ಬಣ್ಣ ಅಂತ ಹೇಳಬಲ್ಲ ಅಣ್ಣನೇ ಇಲ್ಲ. ಊಹೆ ಮೇಲೆ ಬಳಿದರೆ ಯಾವತ್ತೂ ಇರದಿದ್ದ ಕಾರೊಂದು ತಯಾರಾಗುತ್ತದೆ, ಅಷ್ಟೆ. ಹಳದಿಯೇ ಇರಲಿ ಅಂದೆ.

ಮಗನನ್ನು ಇಲ್ಲಿನ ಸಿಮಿಯೋನ್ ಮ್ಯೂಸಿಯಮ್ಮಿಗೂ ಕರಕೊಂಡು ಹೋದೆ. ನರಶಸ್ತ್ರಚಿಕಿತ್ಸಕರಾಗಿದ್ದ ಡಾ. ಫ್ರೆಡ್ ಸಿಮಿಯೋನ್ ಕೂಡಿಸಿದ ರೇಸ್ ಕಾರುಗಳು ಅಲ್ಲಿವೆ. ಅವರು 2022ರಲ್ಲಿ ತೀರಿಕೊಂಡರು. ಅಲ್ಲಿರುವ ಷೆಲ್ಬಿ ಕೋಬ್ರಾ ಡೇಟೋನಾ ಕೂಪೆ, ಅಮೆರಿಕದ ಚಾರಿತ್ರಿಕ ವಾಹನಗಳ ರಾಷ್ಟ್ರೀಯ ದಾಖಲೆಗೆ 2014ರಲ್ಲಿ ಸೇರಿದ ಮೊದಲ ಕಾರು. ಅದನ್ನು ಹೊಸದು ಮಾಡಿಲ್ಲ. ಹಾಗಂತ ಅಲ್ಲಿ ಕಾರುಗಳನ್ನು ಸುಮ್ನೆ ನಿಲ್ಲಿಸಿಯೂ ಇಲ್ಲ, ಆಗಾಗ ಹೊರಗೆ ತಂದು ಓಡಿಸಿ ತೋರಿಸುತ್ತಾರೆ. ಹುಡುಗ ಅಲ್ಲಿ ಜಾಸ್ತಿ ಮಾತಾಡಲಿಲ್ಲ. ಪೂರ್ತಿ ಒಪ್ಪಿಯೂ ಇಲ್ಲ. ಬಾಡಿ ಬಿಟ್ಟು ಮೊದಲು ಎಂಜಿನ್ ಬಿಚ್ಚೋಣ ಅನ್ನೋವರೆಗೆ ಬಂದಿದ್ದಾನೆ. ಜೀವದ ವಿಷಯದಲ್ಲಿ ಮಾತ್ರ ನಾವು ಮೂವರದೂ ಒಂದೇ ಮಾತು: ಸೀಟ್ ಬೆಲ್ಟ್, ಬ್ರೇಕ್ ಪೈಪು, ಪೆಟ್ರೋಲ್ ಟ್ಯಾಂಕಿನೊಳಗಿನ ರಬ್ಬರ್ ಚೀಲ ಹೊಸದೇ ಆಗಬೇಕು. ಬಿಚ್ಚಿದ್ದನ್ನು ಚೀಟಿ ಕಟ್ಟಿ ಡಬ್ಬದಲ್ಲಿ ಇಡುತ್ತೇವೆ.

ಇದನ್ನೆಲ್ಲ ನಿಮಗೆ ಯಾಕೆ ಬರೆದೆ ಅಂದರೆ, ನಮ್ಮಲ್ಲೂ ಈ ಪ್ರಶ್ನೆ ಇದೆ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಆದರೆ ಅದು ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಹಾಗಾದರೆ ಆಗಿನ ಮದ್ರಾಸಿನ ಶೋಲಾವರಂ ರೇಸಿಗಾಗಿ ಎಂಜಿನ್ ತಿದ್ದಿಸಿ, ಬಾಡಿ ಕೊರೆಸಿದ ಕಾರಿನ ಮೂಲ ರೂಪ ಯಾವುದು? ನಂಬರಿಗಾಗಿ ಮಾಲೀಕರು ಆ ಗುರುತುಗಳನ್ನೆಲ್ಲ ಅಳಿಸಬೇಕೇ? ನಿಮ್ಮ ವರದಿಗಾರರು ಸಾರಿಗೆ ಇಲಾಖೆಯವರನ್ನು ಕೇಳಿ ಬರೆದರೆ, ಇಂಥ ಕಾರು ಷೆಡ್ಡಿನಲ್ಲಿ ಇಟ್ಟುಕೊಂಡವರು ಪೇಂಟರ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಓದಬಹುದು.

– ನಿವೃತ್ತ ಟರ್ನರ್, ಜಾಲಹಳ್ಳಿ (ಸದ್ಯ ಫಿಲಡೆಲ್ಫಿಯಾ)