ಸದಸ್ಯರ ಗಮನಕ್ಕೆ: ಸೆಪ್ಟೆಂಬರ್ 11ರ ಯುದ್ಧವಿಮಾನಗಳ ಚರ್ಚೆ

ಮಾನ್ಯ ಸದಸ್ಯರೇ,

2001ರ ಸೆಪ್ಟೆಂಬರ್ 11ರಂದು ಅಪಹೃತ ವಿಮಾನಗಳನ್ನು ಅಮೆರಿಕದ ಸೇನೆ ಬೇಕೆಂದೇ ತಡೆಯಲಿಲ್ಲ ಎಂಬ ಸಂದೇಶಗಳನ್ನು ಇಲ್ಲಿ ಹಂಚುವ ಮುನ್ನ, ಅಂದಿನ ಸಿದ್ಧತೆ ಎಷ್ಟಿತ್ತೆಂಬುದನ್ನು ದಯವಿಟ್ಟು ಗಮನಿಸಬೇಕು. ಶೀತಲ ಸಮರ ಮುಗಿದ ಬಳಿಕ ಕಾವಲು ನೆಲೆಗಳನ್ನು ಕಡಿಮೆ ಮಾಡುತ್ತ ಬಂದಿದ್ದರಿಂದ, ಅಲಾಸ್ಕ ಮತ್ತು ಹವಾಯಿ ಬಿಟ್ಟು ಉಳಿದ ಇಡೀ ದೇಶಕ್ಕೆ ತಕ್ಷಣ ಹಾರಲು ಸನ್ನದ್ಧವಾಗಿದ್ದ ಯುದ್ಧವಿಮಾನಗಳು 7 ನೆಲೆಗಳಲ್ಲಿ ಒಟ್ಟು 14 ಮಾತ್ರ. ಅವುಗಳ ಗಮನವೆಲ್ಲ ಹೊರಗಿನಿಂದ ಬರಬಹುದಾದ ದಾಳಿಯ ಮೇಲಿತ್ತು.

ಮೊದಲ ವಿಮಾನದ ವಿಷಯವನ್ನೇ ನೋಡಿ. ಬಾಸ್ಟನ್ ವಿಮಾನ ಸಂಚಾರ ನಿಯಂತ್ರಣ ಕೇಂದ್ರದ ಕರೆ ಸೇನೆಗೆ ತಲುಪಿದ್ದು ಬೆಳಿಗ್ಗೆ 8:37ರ ಸುಮಾರಿಗೆ. ಮ್ಯಾಸಚೂಸೆಟ್ಸ್ ರಾಜ್ಯದ ಓಟಿಸ್ ವಾಯುನೆಲೆಯ ಎರಡು ಎಫ್-15 ಯುದ್ಧವಿಮಾನಗಳಿಗೆ 8:46ಕ್ಕೆ ಹಾರುವ ಆದೇಶ ಸಿಕ್ಕಿತು. ಅದೇ ನಿಮಿಷದಲ್ಲಿ ಅಪಹೃತ ವಿಮಾನ ನ್ಯೂಯಾರ್ಕ್‌ನ ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರಕ್ಕೆ ಅಪ್ಪಳಿಸಿತು. ಯುದ್ಧವಿಮಾನಗಳು ನೆಲ ಬಿಟ್ಟಾಗ 8:53. ಅಪಹರಣಕಾರರು ಟ್ರಾನ್ಸ್‌ಪಾಂಡರ್ (ವಿಮಾನದ ಗುರುತನ್ನು ರೇಡಾರ್‌ಗೆ ತಿಳಿಸುವ ಸಾಧನ) ಸ್ಥಗಿತಗೊಳಿಸಿದ್ದರಿಂದ, ರೇಡಾರ್ ಪರದೆಯ ಚುಕ್ಕೆಗಳ ನಡುವೆ ಹುಡುಕುತ್ತಿದ್ದ ಸಿಬ್ಬಂದಿಗೆ ಪೈಲಟ್‌ಗಳನ್ನು ಎತ್ತ ಕಳುಹಿಸಬೇಕೆಂಬುದೇ ತಿಳಿದಿರಲಿಲ್ಲ.

ನನ್ನ ದೃಷ್ಟಿಯಲ್ಲಿ, ದೊಡ್ಡ ವೈಫಲ್ಯ ಮಾಹಿತಿ ರವಾನೆಯದು: ಅಪಹೃತವಾದ ನಾಲ್ಕನೇ ವಿಮಾನ ಯುನೈಟೆಡ್ 93 ಪೆನ್ಸಿಲ್ವೇನಿಯದಲ್ಲಿ 10:03ಕ್ಕೆ ನೆಲಕ್ಕಪ್ಪಳಿಸಿದರೆ, ಅದರ ಅಪಹರಣದ ಸುದ್ದಿ ಸೇನೆಗೆ ಸಿಕ್ಕಿದ್ದು 10:07ಕ್ಕೆ. ಸಂದೇಹವಿರುವವರು ಈ ದಾಳಿಯ ತನಿಖಾ ಆಯೋಗದ 2004ರ ವರದಿಯ ಮೊದಲ ಅಧ್ಯಾಯವನ್ನು ಓದಿ ಚರ್ಚೆಗೆ ಬರಬೇಕಾಗಿ ವಿನಂತಿ.